ರಾಫ್ಟ್‌ನಲ್ಲಿ ಮೂಸ್ ಬೇಟೆಗೆ ಹೊರಡುವ ಮುನ್ನ ಮಾಂಸದ ತೂಕ ಲೆಕ್ಕ ಹಾಕಿ

ಪ್ರಶ್ನೆ: ನಾನು ಕೊಡಗಿನವನು. ಬಹಳ ವರ್ಷದಿಂದ ಸಿಯಾಟಲ್ ಹತ್ತಿರ ಇದ್ದೇನೆ, ಈಗ ಅಮೆರಿಕದ ಪ್ರಜೆ. ಬರುವ ವರ್ಷ ಸೆಪ್ಟೆಂಬರ್‌ನಲ್ಲಿ ಅಲಾಸ್ಕಾದ ಯಾವುದಾದರೂ ದೂರದ ನದಿಯಲ್ಲಿ ರಾಫ್ಟ್ ಇಳಿಸಿ ಮೂಸ್ ಬೇಟೆ ಆಡಬೇಕು ಅಂತ ಆಸೆ. ಜೊತೆಗೆ ಇಲ್ಲಿನ ಒಬ್ಬ ಗೆಳೆಯ, ಅವನೂ ಇಲ್ಲಿನ ಪ್ರಜೆಯೇ. ಊರಿಂದ ನನ್ನ ಭಾವ ಬರುತ್ತಾರೆ. ಗೈಡ್ ಬೇಡ, ನಾವೇ ಮಾಡೋಣ ಅಂದುಕೊಂಡಿದ್ದೇವೆ. ಏಳು ದಿನ ರಜೆ ಸಿಗುತ್ತದೆ. ಒಂದು 13 ಅಡಿ ರಾಫ್ಟ್, ಎರಡು ಪ್ಯಾಕ್‌ರಾಫ್ಟ್ ಇವೆ. ಬರಪೊಳೆ, ದಾಂಡೇಲಿ ಎರಡೂ ಕಡೆ ರಾಫ್ಟಿಂಗ್ ಮಾಡಿದ್ದೇವೆ. ಯಾವ ನದಿ ಒಳ್ಳೆಯದು? ತಯಾರಿ ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ನದಿ ಇದೆ, ರಾಫ್ಟ್ ಇದೆ, ರಜೆ ಇದೆ. ಮಾಂಸದ ಮಾತು ಮಾತ್ರ ಒಂದೂ ಇಲ್ಲ. ಮೊದಲ ಸಲ ಹೊರಡುವವರೆಲ್ಲ ಹೀಗೇ ಬರೆಯುತ್ತಾರೆ. ನಾನೂ ಒಂದು ಕಾಲದಲ್ಲಿ ಹೀಗೇ ಯೋಚಿಸಿದವನೇ. ಅದಕ್ಕೇ ನದಿಯ ವಿಷಯ ಆಮೇಲೆ. ಮೊದಲು ತಕ್ಕಡಿ.

ಅಲಾಸ್ಕಾದ ದೊಡ್ಡ ಗಂಡು ಮೂಸ್ 700 ಕೆಜಿ ಮುಟ್ಟುತ್ತದೆ. ನಮ್ಮ ಕಾಡಿನ ದೊಡ್ಡ ಕಡವೆಯ ಎರಡರಷ್ಟು ಅಂತ ಇಟ್ಟುಕೊಳ್ಳಿ. ಅದೇ ಜಿಂಕೆ ಕುಟುಂಬ, ಆದರೆ ಭುಜ ನಿಮ್ಮ ತಲೆಯ ಮಟ್ಟಕ್ಕೆ ಬರುತ್ತದೆ. ಮೂಳೆ ತೆಗೆದರೂ ಸುಮಾರು 225 ಕೆಜಿ ಮಾಂಸ. ಮೂಳೆ ಸಮೇತ 300 ಕೆಜಿ ಅಂತಲೇ ಲೆಕ್ಕ ಹಾಕಿ. ಜೊತೆಗೆ ಕೊಂಬು. ಒಂದು ಹಿಂದಿನ ತೊಡೆಯೇ 50 ಕೆಜಿ ದಾಟುತ್ತದೆ. ಅಂದರೆ ಒಂದು ಸಿಮೆಂಟ್ ಮೂಟೆ. ಅದನ್ನು ಬೆನ್ನಿಗೆ ಕಟ್ಟಿಕೊಂಡು, ಮೊಣಕಾಲುದ್ದದ ಕೆಸರಲ್ಲಿ, ವಿಲೋ ಪೊದೆ ಸೀಳಿಕೊಂಡು ನದಿಯವರೆಗೆ ನಡೆಯಬೇಕು. ಹಾಗೆ ಏಳೆಂಟು ಸಲ.

ಬಿಟ್ಟು ಬರುವ ಹಾಗೂ ಇಲ್ಲ. ಕತ್ತು, ಎದೆ, ಪಕ್ಕೆಲುಬಿನ ಮಾಂಸ, ಬೆನ್ನಿನ ಮಾಂಸ, ನಾಲ್ಕು ಕಾಲಿನ ಮಾಂಸ, ಎಲ್ಲವನ್ನೂ ತರಲೇಬೇಕು ಅಂತ ಅಲಾಸ್ಕಾ ಕಾನೂನು. ಬಿಟ್ಟರೆ ದಂಡ, ಜೈಲು ಎರಡೂ ಆಗಬಹುದು. ಕೆಲವು ಪ್ರದೇಶಗಳಲ್ಲಿ ಕಾಲು ಮತ್ತು ಪಕ್ಕೆಲುಬಿನ ಮಾಂಸವನ್ನು ಮೂಳೆಯಿಂದ ಬಿಡಿಸುವ ಹಾಗೂ ಇಲ್ಲ. ಬಿಡಿಸಿದರೆ ಹಗುರ ಆಗುತ್ತದೆ ನಿಜ, ಆದರೆ ಮೂಳೆ ಮೇಲಿದ್ದ ಮಾಂಸ ಕೆಡುವುದು ಕಡಿಮೆ. ಕೊಂಬನ್ನು ಮೊದಲು ಹೊತ್ತು ತರುವಂತಿಲ್ಲ. ಅದು ಮಾಂಸದ ಕೊನೆಯ ಹೊರೆಯ ಜೊತೆಗೇ ಬರಬೇಕು. ಫೋಟೋ ಆಸೆಗೆ ಕೊಂಬನ್ನು ಮೊದಲು ದಡಕ್ಕೆ ತಂದಿಟ್ಟು ಸಿಕ್ಕಿಬಿದ್ದವರಿದ್ದಾರೆ.

ಈಗ ನಿಮ್ಮ ರಾಫ್ಟ್ ನೋಡೋಣ. ಮೂರು ಜನ 250 ಕೆಜಿ. ಟೆಂಟ್, ಅಡುಗೆ ಸಾಮಾನು, ಎರಡು ವಾರದ ಊಟ, ಕೋವಿ, ಹಗ್ಗ, ಟಾರ್ಪಾಲು ಎಲ್ಲ ಸೇರಿ 150. ಒಂದು ಮೂಸ್ 300. ಕೊಂಬು 25. ಒಟ್ಟು 725 ಕೆಜಿ! 13 ಅಡಿ ರಾಫ್ಟ್ ಇದನ್ನು ಹೊತ್ತು ತೇಲಬಹುದು. ತೇಲುವುದು ಬೇರೆ, ಸಾಗುವುದು ಬೇರೆ. ಸೆಪ್ಟೆಂಬರ್‌ನಲ್ಲಿ ಎಷ್ಟೋ ಕಡೆ ನೀರು ಮೀನಖಂಡ ಮುಳುಗುವಷ್ಟೇ ಇರುತ್ತದೆ. ಭಾರ ಹೆಚ್ಚಾದಷ್ಟೂ ರಾಫ್ಟಿನ ಹೊಟ್ಟೆ ಕಲ್ಲಿಗೆ ಉಜ್ಜುತ್ತದೆ. ಹೋಗುವಾಗ ತೇಲಿಕೊಂಡು ಹೋದ ನದಿಯಲ್ಲೇ ಮಾಂಸ ಹೇರಿದ ಮೇಲೆ ಇಳಿದು ಎಳೆಯಬೇಕಾಗುತ್ತದೆ. ಆದ್ದರಿಂದ ಒಂದು 16 ಅಡಿಯ ರಾಫ್ಟ್, ಇಲ್ಲವೇ ಎರಡು 14 ಅಡಿಯವು. ತಳದ ನೀರು ತಾನಾಗಿ ಹೊರಹೋಗುವ ಬಗೆಯದು, ಬಿಚ್ಚಿ ಜೋಡಿಸುವ ಅಲ್ಯೂಮಿನಿಯಂ ಫ್ರೇಮ್, ಉದ್ದ ಹುಟ್ಟು, ಒಂದು ಹುಟ್ಟು ಹೆಚ್ಚಿಗೆ. ಪ್ಯಾಕ್‌ರಾಫ್ಟ್ ಒಬ್ಬ ಮನುಷ್ಯ ಮತ್ತು ಅವನ ಚೀಲಕ್ಕೆ ಮಾಡಿದ್ದು, ಮೂಸ್‌ಗಲ್ಲ. ಆದರೂ ಒಂದನ್ನು ಮಡಚಿ ಇಟ್ಟುಕೊಳ್ಳಿ. ಪಕ್ಕದ ಕವಲು ದಾಟಲು, ನಿಂತ ನೀರಿನಾಚೆಯಿಂದ ಒಂದೊಂದೇ ತೊಡೆ ಸಾಗಿಸಲು ಅದು ಬಹಳ ಉಪಯೋಗ.

ಮೂರು ಜನಕ್ಕೆ ಒಂದೇ ಮೂಸ್ ಸಾಕು. ಪರವಾನಗಿ ಎರಡಿದ್ದರೂ ಒಂದೇ ಹೊಡೆಯಿರಿ. ಮೊದಲ ಸಲ ಎರಡು ಹೊಡೆದು, ಎರಡನೆಯದನ್ನು ಸರಿಯಾಗಿ ಉಳಿಸಿಕೊಂಡವರನ್ನು ನಾನು ಹೆಚ್ಚು ಕಂಡಿಲ್ಲ.

ಇನ್ನು ಭಾವನ ವಿಷಯ. ಬೇಜಾರಿನ ಸುದ್ದಿ. ಅಮೆರಿಕದ ಪ್ರಜೆಯಲ್ಲದ, ಇಲ್ಲಿ ಕಾಯಂ ಮನೆಯೂ ಇಲ್ಲದ ವಿದೇಶಿಯರು ಅಲಾಸ್ಕಾದಲ್ಲಿ ದೊಡ್ಡ ಪ್ರಾಣಿಯ ಬೇಟೆ ಆಡಬೇಕಾದರೆ ನೋಂದಾಯಿತ ಗೈಡ್ ಇರಲೇಬೇಕು. ನೀವು ಮತ್ತು ಗೆಳೆಯ ಹೊರರಾಜ್ಯದ ಪ್ರಜೆಗಳು. ನಿಮಗೆ ಮೂಸ್‌ಗೆ ಗೈಡ್ ಬೇಡ. ಕಂದು ಕರಡಿ, ಡಾಲ್ ಕುರಿ, ಬೆಟ್ಟದ ಆಡು, ಈ ಮೂರಕ್ಕೆ ನಿಮಗೂ ಬೇಕು. ಭಾವ ಬರಲಿ, ಅಡುಗೆ ಮಾಡಲಿ, ಮಾಂಸ ಹೊರಲಿ, ದುರ್ಬೀನು ಹಿಡಿದು ಕೂರಲಿ. ಕೋವಿ ಮಾತ್ರ ನಿಮ್ಮಿಬ್ಬರ ಕೈಯಲ್ಲೇ ಇರಬೇಕು. ಕೊಡಗಿನವರಿಗೆ ಇದು ಹೇಳುವುದು ಕಷ್ಟ ಅಂತ ಗೊತ್ತು. ಆದರೆ ಮೂರನೆಯ ಜೊತೆ ಹೆಗಲು ಎಷ್ಟು ಬೆಲೆಯದು ಅಂತ ಎರಡನೇ ತೊಡೆ ಹೊರುವಾಗ ನಿಮಗೇ ಗೊತ್ತಾಗುತ್ತದೆ.

ಹೊರರಾಜ್ಯದವರಿಗೆ ಬೇಟೆ ಲೈಸೆನ್ಸ್ 160 ಡಾಲರ್, ಮೂಸ್ ಟ್ಯಾಗ್ (ಹೊಡೆದ ಪ್ರಾಣಿಗೆ ಕಟ್ಟುವ ಬಿಲ್ಲೆ) 800 ಡಾಲರ್. ಇದು ಸಣ್ಣ ಖರ್ಚು. ದೊಡ್ಡದು ವಿಮಾನದ್ದು, ತಲೆಗೆ ಹಲವು ಸಾವಿರ ಡಾಲರ್.

ರಾಜ್ಯವನ್ನು 26 ಬೇಟೆ ಪ್ರದೇಶಗಳಾಗಿ ಹಂಚಿದ್ದಾರೆ. ಒಂದೊಂದಕ್ಕೂ ಒಂದೊಂದು ನಿಯಮ. ಕೆಲವು ಕಡೆ ಟ್ಯಾಗ್ ಮತ್ತು ಬೇಟೆ ಇಲಾಖೆಯ ಉಚಿತ ಚೀಟಿ (ಹಾರ್ವೆಸ್ಟ್ ಟಿಕೆಟ್) ಇದ್ದರೆ ಸಾಕು. ಕೆಲವು ಕಡೆ ಲಾಟರಿ. ಅದರ ಅರ್ಜಿ ನವೆಂಬರ್ 1ರಿಂದ ಡಿಸೆಂಬರ್ 15ರವರೆಗೆ, ಫಲಿತಾಂಶ ಫೆಬ್ರವರಿಯಲ್ಲಿ. ಕೆಲವು ಕಡೆ ಹೊರಗಿನವರಿಗೆ ಬಾಗಿಲೇ ಮುಚ್ಚಿದೆ. ಕೊಯುಕುಕ್ ನದಿಯ ಕೆಳಭಾಗದಲ್ಲಿ ಮೂಸ್ ಬಹಳ ಅಂತ ಕೇಳಿ ತುಂಬಾ ಜನ ಕನಸು ಕಾಣುತ್ತಾರೆ. ಅಲ್ಲಿ ಒಂದು ದೊಡ್ಡ ನಿಯಂತ್ರಿತ ಪ್ರದೇಶವಿದೆ. ಮೂಸ್ ಬೇಟೆಗಾರರನ್ನಾಗಲಿ, ಅವರ ಸಾಮಾನನ್ನಾಗಲಿ, ಮಾಂಸವನ್ನಾಗಲಿ ವಿಮಾನದಲ್ಲಿ ಕಾಡಿಗೆ ಒಯ್ಯುವಂತಿಲ್ಲ. ಹಳ್ಳಿಯ ಸಾರ್ವಜನಿಕ ರನ್‌ವೇವರೆಗೆ ಮಾತ್ರ ಸರಿ. ಅಂದರೆ ನಿಮ್ಮ ಯೋಜನೆ ಅಲ್ಲಿ ಶುರುವಿನಲ್ಲೇ ಮುಗಿಯಿತು.

ಯಾವ ನದಿ ಅಂತ ಹೆಸರು ಕೇಳಿದ್ದೀರಿ. ಹೇಳುವುದಿಲ್ಲ. ಮಲೆನಾಡಿನಲ್ಲಿ ಅಣಬೆ ಏಳುವ ಜಾಗ ಯಾರೂ ಹೇಳಲ್ಲ ಅಲ್ವಾ? ಹಾಗೆ. ಆದರೆ ಹುಡುಕುವ ದಾರಿ ಹೇಳುತ್ತೇನೆ. ಯೂಕಾನ್ ಮತ್ತು ಕುಸ್ಕೊಕ್ವಿಮ್ ನದಿಗಳಿಗೆ ಬಂದು ಸೇರುವ ಉಪನದಿಗಳನ್ನು ನಕ್ಷೆಯಲ್ಲಿ ಹಿಡಿದುಕೊಂಡು ಮೇಲೆ ಹೋಗಿ. ಮೇಲ್ತುದಿಯಲ್ಲಿ ಫ್ಲೋಟ್ ವಿಮಾನ (ಚಕ್ರದ ಬದಲು ನೀರಲ್ಲಿ ತೇಲುವ ಫ್ಲೋಟ್ ಇರುವಂಥದ್ದು) ಇಳಿಯುವ ಕೆರೆಯೋ, ಸೂಪರ್ ಕಬ್ ಎಂಬ ದಪ್ಪ ಚಕ್ರದ ಪುಟ್ಟ ವಿಮಾನ ಇಳಿಯುವ ಜಲ್ಲಿ ದಿಬ್ಬವೋ ಇರಬೇಕು. ಕೆಳತುದಿಯಲ್ಲಿ ಹಳ್ಳಿಯ ರನ್‌ವೇ, ಇಲ್ಲವೇ ಭಾರ ಹೊತ್ತು ಏಳಬಲ್ಲಷ್ಟು ನೇರವಾದ, ಆಳವಾದ ನೀರು ಇರಬೇಕು. ಹಾವಿನ ಹಾಗೆ ಸುತ್ತುವ ನಿಧಾನದ ನದಿ, ಅಕ್ಕಪಕ್ಕ ಹಳೆಯ ತಿರುವುಗಳಲ್ಲಿ ಉಳಿದ ಕೆರೆಗಳು, ವಿಲೋ ಪೊದೆ, ಕೆಲವು ವರ್ಷದ ಹಿಂದೆ ಕಾಡ್ಗಿಚ್ಚು ಬಿದ್ದು ಮತ್ತೆ ಚಿಗುರಿದ ಜಾಗ, ಇಂಥ ಕಡೆ ಮೂಸ್ ಇರುತ್ತದೆ.

ಜಾಗದ ಒಡೆತನವನ್ನೂ ನಕ್ಷೆಯಲ್ಲೇ ನೋಡಿಕೊಳ್ಳಿ. 1971ರ ಕಾಯ್ದೆಯಿಂದ ಸುಮಾರು 4.4 ಕೋಟಿ ಎಕರೆ ನೆಲ ಇಲ್ಲಿನ ಮೂಲನಿವಾಸಿಗಳ ಕಾರ್ಪೊರೇಷನ್‌ಗಳಿಗೆ ಸೇರಿದೆ. ಹಳ್ಳಿಗಳ ಸುತ್ತಲಿನ ನದಿದಡ ಹೆಚ್ಚಾಗಿ ಅವರದೇ. ದೋಣಿ ಸಾಗುವ ನದಿಗಳಲ್ಲಿ ಸಾಮಾನ್ಯ ನೀರಿನ ಗೆರೆಯ ಕೆಳಗಿನ ಜಲ್ಲಿ ದಿಬ್ಬ ಬಹುತೇಕ ರಾಜ್ಯದ ಸ್ವತ್ತು, ಅಲ್ಲಿ ಟೆಂಟ್ ಹಾಕಬಹುದು. ಗೆರೆಯಿಂದ ಮೇಲೆ ಹತ್ತಿ ಬೇಟೆ ಆಡಲು ಅನುಮತಿ ಬೇಕು. ರಾಷ್ಟ್ರೀಯ ಉದ್ಯಾನದೊಳಗೆ ನಿಮಗೆ ಬೇಟೆ ಇಲ್ಲ.

ವಿಮಾನದ ಮಾತು. ಡಿ ಹ್ಯಾವಿಲೆಂಡ್ ಬೀವರ್ ಅಂತ ಒಂದು ವಿಮಾನ. 1947ರಲ್ಲಿ ಮೊದಲು ಹಾರಿದ್ದು, ಇವತ್ತಿಗೂ ಇಲ್ಲಿ ಅದೇ ಎತ್ತಿನ ಗಾಡಿ. ಫ್ಲೋಟ್ ಹಾಕಿದರೆ ಜನ, ಸಾಮಾನು ಸೇರಿ ಸುಮಾರು 450ರಿಂದ 500 ಕೆಜಿ ಹೊರುತ್ತದೆ. ದೂರ ಜಾಸ್ತಿಯಾದರೆ ಪೆಟ್ರೋಲ್ ಜಾಸ್ತಿ, ಹೊರುವುದು ಕಡಿಮೆ. ನೀವು ಮೂವರು ಹೋಗುವಾಗ ಒಂದು ಟ್ರಿಪ್ ಹೇಗೋ ತುರುಕಬಹುದು. ಬರುವಾಗ ಮೂಸ್ ಇದ್ದರೆ ಎರಡು ಟ್ರಿಪ್. ಆ ಎರಡನೇ ಟ್ರಿಪ್ಪಿನ ಹಣ ಮೊದಲೇ ತೆಗೆದಿಡಿ. ಒಳ್ಳೆಯ ಪೈಲಟ್‌ಗಳ ಡೈರಿ ಒಂದೆರಡು ವರ್ಷ ಮೊದಲೇ ತುಂಬಿರುತ್ತದೆ. ಹಾಗಾಗಿ ನದಿ ಆರಿಸುವ ಮೊದಲೇ ಪೈಲಟ್‌ಗೆ ಫೋನ್ ಮಾಡಿ. "ನೂರು ಕೆಜಿ ಹೆಚ್ಚಾದರೆ ಏನು ಮಾಡುತ್ತೀರಿ?" ಅಂತ ಕೇಳಿ. "ನೋಡೋಣ ಬಿಡಿ" ಅಂದವರ ಜೊತೆ ಹೋಗಬೇಡಿ.

ವಿಮಾನ ಹತ್ತಿದ ದಿನ ಬೇಟೆ ಇಲ್ಲ. ಮಾರನೇ ದಿನ ಬೆಳಗಿನ ಜಾವ 3 ಗಂಟೆವರೆಗೆ ಕಾಯಬೇಕು. ಮೇಲಿಂದ ನೋಡಿ, ಕೆಳಗಿಳಿದು ಹೊಡೆಯಬಾರದು ಅಂತ ಈ ನಿಯಮ.

ಏಳು ದಿನ ಸಾಲದು. ನೀರಿನ ಮೇಲೆ ಹತ್ತು ದಿನ, ಹವಾಮಾನಕ್ಕೆ ಆ ಕಡೆ ಎರಡು ದಿನ, ಈ ಕಡೆ ಎರಡು ದಿನ. ಎರಡು ವಾರ ಸಿಗದಿದ್ದರೆ ಒಂದು ವರ್ಷ ಮುಂದೂಡಿ. ಮಂಜು ಕವಿದರೆ ವಿಮಾನ ಬರುವುದಿಲ್ಲ. ಆಫೀಸಿನ ಮೀಟಿಂಗ್ ಅದಕ್ಕೆ ಗೊತ್ತಿಲ್ಲ. ಹತ್ತು ದಿನಕ್ಕೆ 80ರಿಂದ 100 ಕಿಮೀ ನದಿ ಧಾರಾಳ. ನಕ್ಷೆಯಲ್ಲಿ ಗೆರೆ ಎಳೆದು ಅಳೆಯಬೇಡಿ, ತಿರುವು ತಿರುವಾಗಿ ಅಳೆಯಿರಿ. ಸುತ್ತುವ ನದಿಯಲ್ಲಿ ನೇರ ದೂರದ ಎರಡರಷ್ಟು ನೀರಿನ ದಾರಿ ಇರುತ್ತದೆ.

ಅನೇಕ ಪ್ರದೇಶಗಳಲ್ಲಿ ಹೊರಗಿನವರಿಗೆ ಸೆಪ್ಟೆಂಬರ್ 5ರಿಂದ 25ರವರೆಗೆ ಅವಕಾಶ. ನಿಮ್ಮ ಪ್ರದೇಶದ ತಾರೀಕನ್ನು ಆ ವರ್ಷದ ನಿಯಮ ಪುಸ್ತಕದಲ್ಲೇ ನೋಡಿ. ನಾನಾದರೆ ತಿಂಗಳ ಎರಡನೇ ವಾರದ ಕೊನೆಗೆ ಇಳಿಯುತ್ತೇನೆ. ಮೊದಲ ವಾರ ಬಿಸಿ, ನೊಣ, ಎಲೆ ಇನ್ನೂ ಉದುರಿರುವುದಿಲ್ಲ. ಇಪ್ಪತ್ತರ ಹೊತ್ತಿಗೆ ಗಂಡುಗಳಿಗೆ ಬೆದೆಯ ಹುಚ್ಚು ಹತ್ತುತ್ತದೆ, ಕೂಗಿಗೆ ಬರುತ್ತವೆ. ತೀರಾ ತಡವಾದರೆ ಸಣ್ಣ ನದಿಗಳ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಲು ಶುರು.

ಇಡೀ ದಿನ ತೇಲುತ್ತಾ ಮೂಸ್ ಹುಡುಕಬೇಡಿ. ಒಳ್ಳೆಯ ಜಾಗ ಕಂಡರೆ ಎರಡು ಮೂರು ದಿನ ಅಲ್ಲೇ ಕೂರಿ. ಹೆಣ್ಣಿನ ಕೂಗು, ಗಂಡಿನ ಗುಟುರು, ಮಧ್ಯೆ ಹುಟ್ಟಿನಿಂದ ಪೊದೆ ಕೆರೆಯುವ ಸದ್ದು. ಕೊಂಬು ಉಜ್ಜುವ ಇನ್ನೊಂದು ಗಂಡು ಅಂತ ಅದಕ್ಕೆ ಅನಿಸಬೇಕು. ಇವತ್ತು ಕೂಗಿದ್ದಕ್ಕೆ ನಾಳೆ ಸಂಜೆ ಬಂದು ನಿಂತಿದ್ದನ್ನು ನೋಡಿದ್ದೇನೆ. ಅಷ್ಟರಲ್ಲಿ ಬೇಜಾರಾಗಿ ರಾಫ್ಟ್ ಬಿಚ್ಚಿದವರು ಎಷ್ಟು ಮಂದಿಯೋ.

ಬಂದದ್ದೆಲ್ಲ ಹೊಡೆಯುವಂತಿಲ್ಲ. ಹೊರಗಿನವರಿಗೆ ಬಹುತೇಕ ಕಡೆ ಕೊಂಬಿನ ಅಗಲ 50 ಅಂಗುಲ ಇರಬೇಕು, ಇಲ್ಲವೇ ಒಂದು ಬದಿಯಲ್ಲಾದರೂ ಹಣೆಯ ಮೇಲೆ ಮುಂದಕ್ಕೆ ಚಾಚಿದ ಕವಲುಗಳು ಮೂರೋ ನಾಲ್ಕೋ ಇರಬೇಕು. ಎಷ್ಟು ಅನ್ನುವುದು ಪ್ರದೇಶದ ಮೇಲೆ. ಅಗಲ ಕಣ್ಣಿಗೆ ಮೋಸ ಮಾಡುತ್ತದೆ. ಕವಲು ಎಣಿಸಿ. ಎಣಿಸಲು ಆಗಲಿಲ್ಲವೇ, ಬಿಟ್ಟುಬಿಡಿ. ಇಲಾಖೆಯ ವೀಡಿಯೊ ಪಾಠ ಇದೆ, ಕೆಲವು ಪ್ರದೇಶಕ್ಕೆ ಅದು ಕಡ್ಡಾಯ ಕೂಡ. ಮೂವರೂ ನೋಡಿ.

ಕೋವಿ ಬಗ್ಗೆ ನಿಮಗೆ ನಾನು ಪಾಠ ಹೇಳಬೇಕಿಲ್ಲ. .30-06 ಆದರೂ ಸಾಕು, .338 ಆದರೂ ಸರಿ. ಎಲ್ಲಿ ನಿಂತಾಗ ಹೊಡೆಯುತ್ತೀರಿ ಅನ್ನುವುದೇ ಮುಖ್ಯ. ಈಜುತ್ತಿರುವ ಮೂಸ್‌ಗೆ ಹೊಡೆಯುವುದು ಕಾನೂನಿಗೆ ವಿರುದ್ಧ. ನೀರಂಚಲ್ಲಿ ನಿಂತದ್ದಕ್ಕೆ ಹೊಡೆಯುವುದು ಅವಿವೇಕ. ಗುಂಡು ತಗುಲಿದ ಮೇಲೂ ಅದು ನಿಮಿಷಗಟ್ಟಲೆ ನಿಂತಿರಬಹುದು, ಆಮೇಲೆ ನಾಲ್ಕು ಹೆಜ್ಜೆ ಇಟ್ಟು ನೀರಿಗೇ ಬೀಳಬಹುದು. ಸೊಂಟದುದ್ದ ಮಂಜಿನಂಥ ನೀರಲ್ಲಿ 600 ಕೆಜಿ ಪ್ರಾಣಿಯನ್ನು ಕೊಯ್ಯುವ ಕೆಲಸ ಶತ್ರುವಿಗೂ ಬೇಡ. ಹಾಗೆಯೇ ನದಿಯಿಂದ ಅರ್ಧ ಕಿಮೀ ಆಚೆ ಇರುವುದಕ್ಕೂ ಬೇಡ.

ಈ ಅರ್ಧ ಕಿಮೀ ಲೆಕ್ಕ ನನಗೆ ಬಂದದ್ದು ಅನುಭವದಿಂದ. ನನ್ನ ಮೊದಲ ಮೂಸ್ ಬಿದ್ದದ್ದು ದಡದಿಂದ ಒಂದು ಕಿಮೀ ಮೇಲೆ, ಜೌಗಿನಾಚೆ. ಇಬ್ಬರೇ ಇದ್ದೆವು. ಒಂಬತ್ತು ಹೊರೆ, ಎರಡು ದಿನ, ಮಳೆ. ಸುಸ್ತಿನಲ್ಲಿ ಕೊನೆಯ ಚೀಲಗಳನ್ನು ರಾಫ್ಟಿನ ತಳಕ್ಕೇ ಎಸೆದು, ಮೇಲೆ ಪ್ಲಾಸ್ಟಿಕ್ ಶೀಟು ಬಿಗಿದು ಕಟ್ಟಿ ಹೊರಟೆವು. ಮೂರನೇ ದಿನ ಬಿಚ್ಚಿದಾಗ ವಾಸನೆ. ಮುಂಗಾಲಿನ ಒಂದು ತೊಡೆ, ಕತ್ತಿನ ಮಾಂಸ ಹುಳಿ ಹಿಡಿದಿತ್ತು. ಅದನ್ನು ಕಂಡಾಗ ಆದ ನಾಚಿಕೆ ಇನ್ನೂ ಹೋಗಿಲ್ಲ.

ಮಾಂಸಕ್ಕೆ ಶತ್ರು ಮೂರು: ಬಿಸಿ, ಒದ್ದೆ, ಗಾಳಿಯಿಲ್ಲದಿರುವುದು. ಪ್ರಾಣಿ ಬಿದ್ದ ಕೂಡಲೇ ಚರ್ಮ ಸುಲಿದು ಕಾಲು ಬೇರೆ ಮಾಡಬೇಕು. ಆ ದಪ್ಪ ಚರ್ಮದೊಳಗೆ ಹೊರಗೆ ಮಂಜು ಬಿದ್ದರೂ ಬಿಸಿ ಉಳಿಯುತ್ತದೆ, ಮೂಳೆಯ ಪಕ್ಕದಿಂದ ಕೆಡಲು ಶುರುವಾಗುತ್ತದೆ. ಗಂಡು ಅಂತ ತೋರಿಸುವ ಭಾಗ ಮಾಂಸಕ್ಕೆ ಅಂಟಿಕೊಂಡೇ ಇರಲಿ, ಅದೂ ನಿಯಮ. ಗಾಳಿಯಾಡುವ ಬಟ್ಟೆ ಚೀಲಕ್ಕೆ ಹಾಕಿ. ಎರಡು ಮರದ ಮಧ್ಯೆ ಗಳ ಕಟ್ಟಿ, ನೆಲ ತಾಗದ ಹಾಗೆ ತೂಗುಹಾಕಿ. ಮೇಲೆ ಟಾರ್ಪಾಲು ಚಪ್ಪರದ ಹಾಗೆ ಎತ್ತರಕ್ಕೆ ಇರಲಿ, ಸುತ್ತಬೇಡಿ. ಒಂದು ರಾತ್ರಿಯಲ್ಲಿ ಮೇಲೆ ಒಣ ಪೊರೆ ಕಟ್ಟಿದರೆ ಅರ್ಧ ಗೆದ್ದಂತೆ. ಕೊಡಗಿನಲ್ಲಿ ಒಲೆ ಮೇಲೆ ಹೊಗೆಗೆ ಕಟ್ಟಿದ ಮಾಂಸ ನೋಡಿದವರಿಗೆ ಇದು ಹೊಸದಲ್ಲ. ಗಳದ ಕೆಳಗೆ ಸಣ್ಣ ಹೊಗೆ ಹಾಕಿದರೆ ನೊಣವೂ ದೂರ. ಸಿಟ್ರಿಕ್ ಆಮ್ಲ ನೀರಿಗೆ ಕಲಸಿ ಸಿಂಪಡಿಸುವ ರೂಢಿಯೂ ಇದೆ, ಕೆಲಸ ಮಾಡುತ್ತದೆ. ಹಾಗಂತ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಸುರಿಯಬೇಡಿ, ಅದು ಮನೆಗೆ ಬಂದ ಮೇಲೆ.

ರಾಫ್ಟಿನಲ್ಲಿ ಮಾಂಸ ತಳಕ್ಕೆ ತಾಗಲೇಬಾರದು. ಫ್ರೇಮಿಗೆ ಪಟ್ಟಿ ಹೆಣೆದು ಮಂಚ ಮಾಡಿ ಅದರ ಮೇಲೆ ಇಡಿ. ದಿನಾ ಸಂಜೆ ಇಳಿಸಿ ಮತ್ತೆ ತೂಗುಹಾಕಿ. ಬೇಜಾರಿನ ಕೆಲಸ. ಭಾವ ಬೇಕಾಗುವುದು ಇಲ್ಲೇ.

ಮೂಸ್ ಹೊಡೆದ ಮೇಲೆ ಆ ಜಾಗ ಕರಡಿಯದೂ ಹೌದು. ಮಾಂಸದ ಗಳ ಟೆಂಟಿನಿಂದ ನೂರು ಮೀಟರ್ ದೂರ, ಬಯಲಲ್ಲಿ, ಬರುವಾಗ ಕಾಣುವ ಹಾಗೆ ಇರಲಿ. ಎರಡನೇ ಹೊರೆಗೆ ಹೋಗುವಾಗ ಗಾಳಿ ನೋಡಿ, ಜೋರಾಗಿ ಮಾತಾಡುತ್ತಾ ಹೋಗಿ. ಬ್ಯಾಟರಿಯ ಪುಟ್ಟ ವಿದ್ಯುತ್ ಬೇಲಿ ತೂಕಕ್ಕೆ ತಕ್ಕ ಬೆಲೆ ಬಾಳುತ್ತದೆ. ಕರಡಿ ಸ್ಪ್ರೇ ಮತ್ತು ಒಲೆಯ ಗ್ಯಾಸ್ ಡಬ್ಬ ಸಿಯಾಟಲ್ ವಿಮಾನದಲ್ಲಿ ತರಲಾಗದು. ಅಲಾಸ್ಕಾದಲ್ಲೇ ಕೊಂಡು, ಕಾಡಿಗೆ ಹಾರುವ ಬುಷ್ ಪೈಲಟ್‌ಗೆ ಮೊದಲೇ ತಿಳಿಸಿ. ಸ್ಪ್ರೇಯನ್ನು ಅವರು ಫ್ಲೋಟಿನೊಳಗೆ ಇಡುತ್ತಾರೆ.

ಬರಪೊಳೆ, ದಾಂಡೇಲಿ ಅಂದಿರಿ. ಅಲ್ಲಿ ಅಪಾಯ ಸದ್ದು ಮಾಡುತ್ತದೆ, ಬಂಡೆ ಮತ್ತು ನೊರೆ ಕಣ್ಣಿಗೆ ಕಾಣುತ್ತದೆ. ಜೊತೆಗೆ ಗೈಡ್ ಇರುತ್ತಾನೆ. ಇಲ್ಲಿನ ಮೂಸ್ ನದಿಗಳು ಬಹುಪಾಲು ಶಾಂತ. ಕೊಲ್ಲುವುದು ಒರಗಿದ ಮರ. ದಡ ಕುಸಿದು ಸ್ಪ್ರೂಸ್ ಮರ ನೀರಿನ ಮೇಲೆ ಅಡ್ಡ ಮಲಗಿರುತ್ತದೆ. ತಿರುವಿನ ಹೊರಬದಿಗೆ ನೀರು ನಿಮ್ಮನ್ನು ಅದರೊಳಕ್ಕೇ ಒಯ್ಯುತ್ತದೆ. ನೀರು ಕೊಂಬೆಗಳ ಮಧ್ಯೆ ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ. ತಿರುವಿಗೆ ಮೊದಲೇ ಒಳಬದಿಗೆ ಹುಟ್ಟು ಹಾಕಿ. ಭಾರದ ರಾಫ್ಟ್ ಹೇಳಿದ ಕೂಡಲೇ ತಿರುಗುವುದಿಲ್ಲ, ಲಾರಿ ಇದ್ದ ಹಾಗೆ. ಕಾಣದ ತಿರುವಾದರೆ ಇಳಿದು ನಡೆದು ನೋಡಿ. ಲೈಫ್ ಜಾಕೆಟ್ ಬಿಚ್ಚಬೇಡಿ. ನಿಮ್ಮನ್ನು ರಾಫ್ಟಿಗೆ ಕಟ್ಟಿಕೊಳ್ಳಬೇಡಿ. ಚಾಕು ಎದೆಯ ಮೇಲಿರಲಿ. ರಾತ್ರಿ ರಾಫ್ಟನ್ನು ಮರಕ್ಕೆ ಎರಡು ಹಗ್ಗದಿಂದ ಕಟ್ಟಿ. ಮೇಲೆ ಎಲ್ಲೋ ಮಳೆ ಬಿದ್ದರೆ ಬೆಳಗಾಗುವಷ್ಟರಲ್ಲಿ ನೀರು ಒಂದಡಿ ಏರಿ, ರಾಫ್ಟ್ ನಿಮ್ಮನ್ನು ಬಿಟ್ಟು ಹೋಗಿರುತ್ತದೆ. ಉಪಗ್ರಹ ಸಂದೇಶ ಕಳಿಸುವ ಇನ್‌ರೀಚ್ ಥರದ ಸಾಧನ ರಾಫ್ಟಿನಲ್ಲಲ್ಲ, ನಿಮ್ಮ ಜೇಬಲ್ಲಿ.

ಕೊನೆಗೆ ಹಳ್ಳಿಯಲ್ಲಿ ಇಳಿದಾಗ ಮಾಂಸ ಜಾಸ್ತಿ ಅನಿಸಿದರೆ ಅಲ್ಲೇ ಕೊಡಬಹುದು. ಹಸ್ತಾಂತರದ ಒಂದು ಫಾರ್ಮ್ ತುಂಬಬೇಕು. ಒಳ್ಳೆಯ ಮಾಂಸ ಕೊಡಿ, ಕೆಡಲು ಶುರುವಾದದ್ದನ್ನಲ್ಲ. ಆ ಜನಕ್ಕೆ ಚಳಿಗಾಲದ ಊಟ ಅದು. ತಲೆ ತರಲೇಬೇಕೆಂಬ ನಿಯಮವಿಲ್ಲ, ಆದರೆ ತಂದರೆ ಹಿರಿಯರು ಖುಷಿಪಡುತ್ತಾರೆ. ಮೂಸ್ ಮೂಗು ಇಲ್ಲಿ ಹಬ್ಬದೂಟ.

ಈಗಲೇ ಮಾಡಬೇಕಾದದ್ದು: ಪೈಲಟ್‌ಗೆ ಫೋನ್, ಆಮೇಲೆ ರಜೆಯ ಅರ್ಜಿ, ಆಮೇಲೆ ರಾಫ್ಟ್. ಬೇಸಿಗೆಯಲ್ಲಿ ಅದಕ್ಕೆ 300 ಕೆಜಿ ಮರಳು ಮೂಟೆ ಹೇರಿ ವಾಷಿಂಗ್ಟನ್‌ನ ಯಾವುದಾದರೂ ಶಾಂತ ನದಿಯಲ್ಲಿ ಎರಡು ದಿನ ಹುಟ್ಟು ಹಾಕಿ. ಭಾವನಿಗೆ ಸೆಪ್ಟೆಂಬರ್ 3ರ ಕೋವಿ ಪೂಜೆಯ ಹಬ್ಬ ಕೈಲ್ ಮುಹೂರ್ತ ಊರಲ್ಲೇ ಮುಗಿಸಿ ಹೊರಡಲು ಹೇಳಿ, ನೀವು ಇಳಿಯುವುದು ಹೇಗೂ ಅದರ ಮುಂದಿನ ವಾರ. ಬರುವಾಗ ಕಾಚಂಪುಳಿ ಬಾಟಲಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಲ್ಲಿ ಹಾಕಿಕೊಳ್ಳಲಿ.